ಹದಿನಾರು ಗೆರೆಯ ಸೀಸೆ

1956ನೇ ಇಸವಿ ಜುಲೈ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಶಿವಗಂಗಮ್ಮ ನಡುಮನೆಯ ಮರದ ಬೆಂಚಿನ ಮೇಲೆ ಕೂತಳು. ಎದುರಿಗೆ ಅಲಾರಂ ಗಡಿಯಾರ, ತೊಡೆಯ ಮೇಲೆ ರಸಾಯನಶಾಸ್ತ್ರದ ನೋಟ್ಸು. ಹತ್ತು ಗಂಟೆ ಹದಿನಾರು ನಿಮಿಷಕ್ಕೆ ಎದ್ದಳು. ನೋಟ್ಸಿನ ಕೊನೆಯ ಹಾಳೆಯಲ್ಲಿ ಹದಿನಾಲ್ಕು, ಹದಿಮೂರು, ಹದಿಮೂರು ಎಂದು ಸಾಲಾಗಿ ಬರೆದಿದ್ದ ಅಂಕಿಗಳ ಕೆಳಗೆ ಹನ್ನೊಂದು ಎಂದು ಬರೆದಳು.

ಅವಳಿಗೆ ಬೇಕಾಗಿದ್ದದ್ದು ನೂರ ಎಂಬತ್ತು.

ಸೆಪ್ಟೆಂಬರ್ ಇಪ್ಪತ್ತರಂದು ಬಿ.ಎಸ್ಸಿ.ಯ ಕೊನೆಯ ಪತ್ರಿಕೆ, ಮೂರು ಗಂಟೆಯದು. ಮಾರ್ಚಿನಲ್ಲಿ ಅದೇ ಪತ್ರಿಕೆಗೆ ಹೋಗಿ, ನಲವತ್ತನೆಯ ನಿಮಿಷಕ್ಕೆ ಉತ್ತರಪತ್ರಿಕೆ ಕೊಟ್ಟು ಎದ್ದು ಬಂದಿದ್ದಳು. ಉಳಿದ ಪತ್ರಿಕೆಗಳೆಲ್ಲ ಪಾಸು, ಇದೊಂದು ಫೇಲು. "ಕೂಸು ಹಸಿದಿರುತ್ತೆ ಅಂತ ಮನಸ್ಸು ನಿಲ್ಲಲಿಲ್ಲ" ಎಂದು ಮನೆಯಲ್ಲಿ ಹೇಳಿದ್ದಳು. ಎರಡು ತಿಂಗಳ ಕೂಸು ಅಜ್ಜಿಯ ತೋಳಿನಲ್ಲಿ ಹೊಟ್ಟೆ ತುಂಬಿ ನಿದ್ದೆ ಹೋಗಿತ್ತು. ನಿಲ್ಲದೆ ಇದ್ದದ್ದು ನವೆ.

ಹೆರಿಗೆಯಾದ ಐದನೆಯ ವಾರಕ್ಕೆ ಶುರುವಾದದ್ದು ಅದು. ಹೇಳಿಕೊಳ್ಳಲಾಗದ ಜಾಗದಲ್ಲಿ ನವೆ, ಉರಿ, ಒಡೆದ ಹಾಲಿನ ಗಂಟಿನಂಥ ಬಿಳುಪು. ಹತ್ತು ದಿನ ಇರುತ್ತಿತ್ತು, ಎಂಟು ದಿನ ಹೋಗುತ್ತಿತ್ತು, ಊರಿಗೆ ಹೋದ ನೆಂಟ ಕೊಡೆ ಮರೆತೆನೆಂದು ತಿರುಗಿ ಬರುವಂತೆ ಬರುತ್ತಿತ್ತು. ಅತ್ತೆ ಮುನಿತಾಯಮ್ಮ ಮೊದಲ ಸಲ "ಬಾಣಂತಿ ನಂಜು ಕಣವ್ವ" ಎಂದು ಬೇವಿನೆಲೆ ಕುದಿಸಿಕೊಟ್ಟಳು. ಎರಡನೆಯ ಸಲ ಮಾಗಡಿ ರಸ್ತೆಯ ಕಾಂಪೌಂಡರ್ ವೆಂಕಟಗಿರಿಯ ಹತ್ತಿರ ಕರೆದುಕೊಂಡು ಹೋದಳು. ವೆಂಕಟಗಿರಿಗೆ ಯಾವ ಕಾಯಿಲೆಯ ಮೇಲೂ ಭೇದಭಾವವಿರಲಿಲ್ಲ. ಕೆಮ್ಮಿಗೂ ಪೆನ್ಸಿಲಿನ್, ಕುರುವಿಗೂ ಪೆನ್ಸಿಲಿನ್. ಶಿವಗಂಗಮ್ಮ ಬಾಯಿ ತೆರೆಯುವ ಮೊದಲೇ ಅವನು ಸೂಜಿ ಕುದಿಯಲು ಇಡುತ್ತಿದ್ದ. ಹೀಗೆ ನಾಲ್ಕು ಸಲ ಆಗಿತ್ತು. ಪ್ರತಿ ಸಲವೂ ಸೂಜಿಯ ನೋವು ಹೋಗುವ ಹೊತ್ತಿಗೆ ನವೆ ಇನ್ನಷ್ಟು ಹುರುಪಿನಿಂದ ಬರುತ್ತಿತ್ತು.

ಅವಳು ಕೂರದೆ ಓಡಾಡುತ್ತಿದ್ದುದನ್ನು ರಾಜಾಜಿನಗರದ ಆ ಬೀದಿ ಬೇರೆ ರೀತಿಯಲ್ಲಿ ಓದಿಕೊಂಡಿತು. ಏಕೆಂದರೆ ಮುನಿತಾಯಮ್ಮ ಆ ಬೀದಿಗೆಲ್ಲ ಕೂರದ ಹೆಂಗಸೆಂದೇ ಹೆಸರಾದವಳು. ಬಡಾವಣೆಗೆಂದು ಹೊಲ ಬಿಟ್ಟುಕೊಟ್ಟ ಮೇಲೆ, ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಸೈಟು ಸಿಕ್ಕಿ ಮನೆ ಎದ್ದಾಗ, ಬುಟ್ಟಿ ಬುಟ್ಟಿ ಇಟ್ಟಿಗೆ ಹೊತ್ತವಳು ಅವಳೇ. ಮದುವೆಮನೆಯಲ್ಲಿ ಎಲ್ಲರೂ ಪಂಕ್ತಿಗೆ ಕೂತರೆ ಅವಳು ಬಡಿಸುತ್ತಾ ನಿಂತಿರುತ್ತಿದ್ದಳು. ತನ್ನ ಮುದ್ದೆಯನ್ನು ಕುಕ್ಕರಗಾಲಿನಲ್ಲೇ ಮುಗಿಸಿ ಏಳುತ್ತಿದ್ದಳು.

"ಮುನಿತಾಯಕ್ಕ ಕೂತಿದ್ದು ಕಂಡೋರಿಗೆ ಒಂದು ಸೇರು ಬೆಲ್ಲ ಕೊಡ್ತೀನಿ" ಎಂದು ಪಕ್ಕದ ಮನೆ ಅಂಜಮ್ಮ ಬೀದಿಗೆ ಕೇಳುವಂತೆ ಹೇಳುತ್ತಿದ್ದಳು. "ಓದಿರೋ ಸೊಸೆ ಬತ್ತಾಳೆ, ಕುರ್ಚಿ ಬಿಟ್ಟು ಏಳಕ್ಕಿಲ್ಲ ಅಂದ್ಕಂಡಿದ್ದೆ. ಇವಳೂ ಕೂರಾಕಿಲ್ವಲ್ಲೇ! ಅತ್ತೆಗೆ ತಕ್ಕ ಸೊಸೆ!"

ಶಿವಗಂಗಮ್ಮ ಈ ಹೊಗಳಿಕೆಯನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಹನ್ನೊಂದು ಎಂಬ ಅಂಕಿ ಕಂಡ ದಿನವೇ ಅವಳು ಯಾರನ್ನೂ ಕೇಳದೆ ಎರಡನೆಯ ಬ್ಲಾಕಿನಲ್ಲಿ ಮನೆಯ ಮುಂದಿನ ಕೋಣೆಯನ್ನೇ ದವಾಖಾನೆ ಮಾಡಿಕೊಂಡಿದ್ದ ಲೇಡಿ ಡಾಕ್ಟರ್ ಅನಂತಲಕ್ಷ್ಮಿಯವರಲ್ಲಿಗೆ ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ರೋಗಿ ಕತ್ತು ಚಾಚುತ್ತಿರುವುದನ್ನು ಕಂಡು ಪಕ್ಕಕ್ಕೆ ಸರಿದರು.

"ನೋಡ್ತೀರಾ?"

ನೋಡಿದಳು. ಮೊಟ್ಟೆಯಾಕಾರದ ಸಣ್ಣ ಸಣ್ಣ ಕಣ, ಒಂದೊಂದರ ಬೆನ್ನಿಗೆ ಒಂದೊಂದು ಮರಿಮೊಗ್ಗು, ನಡುವೆ ದಾರದಂಥ ಎಳೆಗಳು.

"ಇದು ಯೀಸ್ಟ್ ಅಲ್ವಾ ಡಾಕ್ಟ್ರೇ? ಪ್ರಾಕ್ಟಿಕಲ್‌ನಲ್ಲಿ ಇದರ ಚಿತ್ರ ಬರೆದು ಮೂರು ಮಾರ್ಕು ತಗೊಂಡಿದ್ದೀನಿ!"

"ಅದೇ ಜಾತಿ. ಈಗ ಅದು ನಿಮ್ಮ ಮಾರ್ಕು ಕೀಳ್ತಾ ಇದೆ" ಎಂದು ಡಾಕ್ಟರು ನಕ್ಕರು. "ಎಷ್ಟು ಪೆನ್ಸಿಲಿನ್ ಆಯ್ತು?"

"ನಾಲ್ಕು."

"ಪೆನ್ಸಿಲಿನ್‌ಗೂ ಇದಕ್ಕೂ ಜಗಳಾನೇ ಇಲ್ಲ. ಆ ಜಾಗದಲ್ಲಿ ಒಳ್ಳೆ ಸೂಕ್ಷ್ಮಜೀವಿಗಳೂ ಇರ್ತವೆ, ಇದು ಹೆಚ್ಚದ ಹಾಗೆ ಅವು ನೋಡ್ಕೊಳ್ತವೆ. ಇಂಜೆಕ್ಷನ್ ಅವನ್ನ ಕೊಲ್ತು. ಇದಕ್ಕೆ ಮೈದಾನ ಖಾಲಿ ಸಿಕ್ತು. ಹೆರಿಗೆ ಆದೋರಿಗೆ ಇದು ಬರೋದು ಹೊಸದಲ್ಲ, ನಾಚಿಕೆಪಡೋದೂ ಅಲ್ಲ. ಆದರೆ ಬಿಟ್ಟೂ ಬಿಟ್ಟೂ ಬರ್ತಿದೆ ಅಂದ್ರೆ ಎಲ್ಲೋ ಬೇರು ಉಳಿದಿದೆ. ನಿಮ್ಮ ಬಟ್ಟೆ ಎಲ್ಲಿ ಒಣಗಿಸ್ತೀರಿ?"

ಶಿವಗಂಗಮ್ಮ ತಲೆ ತಗ್ಗಿಸಿದಳು. ಆ ಮನೆಯ ಬಚ್ಚಲಲ್ಲಿ, ನೀರು ಕಾಯಿಸುವ ಹಂಡೆಯ ಹಿಂದೆ, ಒಂದು ಮೊಳದ ಸಂದು ಇತ್ತು. ಮನೆ ಕಟ್ಟುವಾಗ ಗಾರೆಯವನಿಗೆ ಹೇಳಿ ಮುನಿತಾಯಮ್ಮನೇ ಬಿಡಿಸಿದ್ದ ಸಂದು. ಹಳ್ಳಿಯ ಮನೆಯಲ್ಲೂ ಅಂಥದ್ದೊಂದು ಇತ್ತಂತೆ. ಹೆಂಗಸರ ಒಳಬಟ್ಟೆಗಳೆಲ್ಲ ಅಲ್ಲಿ ಕತ್ತಲಲ್ಲಿ ಒಂದೇ ಹಗ್ಗದ ಮೇಲೆ ಒಂದರ ಮೇಲೊಂದು ಬಿದ್ದು, ಪೂರ್ತಿ ಒಣಗದೆ, ಪೂರ್ತಿ ಒದ್ದೆಯೂ ಇರದೆ, ಯಾವ ಗಂಡಸಿನ ಕಣ್ಣಿಗೂ ಬೀಳದೆ ಬದುಕುತ್ತಿದ್ದವು. ಸೂರ್ಯನೂ ಒಬ್ಬ ಗಂಡಸೇ ಎಂಬಂತೆ ಅವನಿಗೂ ಅಲ್ಲಿಗೆ ಪ್ರವೇಶವಿರಲಿಲ್ಲ.

"ಕುದಿಸಿ, ಬಿಸಿಲಿಗೆ ಹಾಕಿ" ಎಂದರು ಡಾಕ್ಟರು. ಆಮೇಲೆ ಎರಡು ಔನ್ಸಿನ ಸೀಸೆಯಲ್ಲಿ ಗಾಢ ನೇರಳೆ ಬಣ್ಣದ ಔಷಧಿ ತುಂಬಿಸಿ, ಹದಿನಾರು ಹಲ್ಲು ಕತ್ತರಿಸಿದ ಕಾಗದದ ಪಟ್ಟಿಯನ್ನು ಅಳತೆಯ ಗೆರೆಗಳಾಗಿ ಪಕ್ಕಕ್ಕೆ ಅಂಟಿಸಿ ಕೊಟ್ಟರು. ದಿನಕ್ಕೊಂದು ಗೆರೆ, ಸ್ನಾನದ ನಂತರ, ಹತ್ತಿಯ ಬತ್ತಿಯಲ್ಲಿ ಅದ್ದಿ ಒಳಗೂ ಹೊರಗೂ ಹಚ್ಚಬೇಕು. ಹದಿನಾಲ್ಕು ದಿನ ತಪ್ಪಕೂಡದು. ಚೆಲ್ಲಿದರೆ ಇರಲಿ ಎಂದು ಎರಡು ಗೆರೆ ಹೆಚ್ಚು. "ಹಳೇ ಸೀರೆ ಉಡಿ, ಇದರ ಕಲೆ ಹೋಗಲ್ಲ. ಯಜಮಾನರಿಗೆ ಹದಿನಾಲ್ಕು ದಿನ ರಜಾ ಅಂತ ಹೇಳಿ."

ಮಂಗಳವಾರ ಚಿಕಿತ್ಸೆ ಶುರುವಾಯಿತು. ಬಟ್ಟೆ ಬಿಸಿಲಿಗೆ ಹಾಕುವ ಮಾತು ಕೇಳಿ ಮುನಿತಾಯಮ್ಮ ಮೊದಲು ಕೆನ್ನೆ ಕೆನ್ನೆ ಬಡಿದುಕೊಂಡಳು. "ಬೀದಿ ತುಂಬಾ ಗಂಡಸ್ರು ಓಡಾಡ್ತಾರೆ ಕಣೇ!" ಆಮೇಲೆ ಎರಡು ನಿಮಿಷ ಯೋಚಿಸಿ, ದಾರಿಯನ್ನೂ ಅವಳೇ ಕಂಡುಹಿಡಿದಳು. "ಕೂಸಿನ ಬಟ್ಟೆ ಜೊತೆಗೆ ಹಾಕು. ಅದೂ ಹಳೇ ಪಂಚೆ ಚೂರು, ಇದೂ ಹಳೇ ಪಂಚೆ ಚೂರು. ಯಾರು ಕೇಳಿದ್ರೂ ಕೂಸಿಂದು ಅನ್ನು. ಕೂಸಿಗೆ ಎಲ್ಲಿಯ ಮಾನ!"

ಆರು ತಿಂಗಳ ಕೂಸು ಹೀಗೆ ಮನೆಯ ಮಾನ ಕಾಯುವ ಕೆಲಸಕ್ಕೆ ಸೇರಿತು.

ಎರಡು ದಿನದಲ್ಲೇ ಉರಿ ತಗ್ಗಿತು. ಮೂರನೆಯ ಬೆಳಿಗ್ಗೆ ಸೀಸೆ ಎತ್ತಿದರೆ ಹದಿನಾಲ್ಕು ಗೆರೆ ಇರಬೇಕಾದ ಕಡೆ ಹದಿಮೂರಿತ್ತು. ಎಣಿಕೆ ತಪ್ಪಿರಬೇಕೆಂದುಕೊಂಡಳು. ನಾಲ್ಕನೆಯ ಬೆಳಿಗ್ಗೆ ಹದಿಮೂರರ ಬದಲು ಹನ್ನೊಂದು. ಆವಿಯಾಯಿತೇ ಎಂದರೆ ಬಿರಡೆ ಬಿಗಿಯಾಗಿತ್ತು. ಸೋರಿತೇ ಎಂದರೆ ಸೀಸೆ ಇಡುವ ಬಚ್ಚಲ ಗೂಡಿನಲ್ಲಿ ಕಲೆಯಿಲ್ಲ. ಐದನೆಯ ಬೆಳಿಗ್ಗೆ, ಶನಿವಾರ, ಹನ್ನೆರಡರ ಬದಲು ಒಂಬತ್ತು. ದಿನಕ್ಕೆ ಸರಿಯಾಗಿ ಒಂದು ಗೆರೆ ಹೆಚ್ಚಿಗೆ ಇಳಿಯುತ್ತಿತ್ತು. ಚೆಲ್ಲುವ ಕೈ ಇಷ್ಟು ಅಚ್ಚುಕಟ್ಟಾಗಿ ಚೆಲ್ಲುವುದಿಲ್ಲ. ಇನ್ನು ಹತ್ತು ದಿನದ ಚಿಕಿತ್ಸೆ ಬಾಕಿ, ಸೀಸೆಯಲ್ಲಿ ಒಂಬತ್ತು ದಿನದ್ದು ಮಾತ್ರ. ಕಳ್ಳನ ಪಾಲೂ ಸೇರಿದರೆ ಐದು ದಿನಕ್ಕೂ ಬಾರದು.

ಆ ಸಂಜೆ ಗಂಡ ನಾಗರಾಜು ಕಾರ್ಖಾನೆಯಿಂದ ಬಂದು ಕಾಫಿ ಲೋಟಕ್ಕೆ ಬಾಯಿ ಹಾಕಿದಾಗ ಅವಳಿಗೆ ಕಂಡಿತು. ಅವನ ತುಟಿಯಂಚು ನೇರಳೆ.

"ನಾಲಿಗೆ ಚಾಚಿ" ಎಂದಳು.

"ಯಾಕೆ?"

"ಚಾಚಿ ಅಂದೆ."

ಚಾಚಿದ. ಅದೂ ನೇರಳೆ. "ರೀ, ಬಚ್ಚಲ ಗೂಡಿನಲ್ಲಿದ್ದ ಔಷಧಿ ಕುಡಿದ್ರಾ?"

"ನಂಗೇನಾಗಿದೆ ಔಷಧಿ ಕುಡಿಯೋಕೆ?" ನಾಗರಾಜು ಜೇಬಿನಿಂದ ಒಂದು ಮೋಟು ಪೆನ್ಸಿಲು ತೆಗೆದು ತೋರಿಸಿದ. "ಸ್ಟೋರ್ಸಲ್ಲಿ ಇನ್ಮೇಲೆ ಕಾಪಿಂಗ್ ಪೆನ್ಸಿಲಲ್ಲೇ ಬರೀಬೇಕಂತೆ, ಅಳಿಸೋಕಾಗಲ್ಲ ಅಂತ. ನಾಲಿಗೆಗೆ ತಾಗಿಸಿ ಬರೆದ್ರೇ ಎದ್ದು ಕಾಣೋದು. ಇಡೀ ಸ್ಟೋರ್ಸೇ ನೇರಳೆ ಹಣ್ಣು ತಿಂದಂಗಿದೆ."

ಅವಳು ಪೆನ್ಸಿಲು ಕಿತ್ತುಕೊಂಡು ಕಾಗದದ ಮೇಲೆ ಉಜ್ಜಿ, ಒಂದು ತೊಟ್ಟು ನೀರು ಬಿಟ್ಟಳು. ಅದೇ ಬಣ್ಣ ಅರಳಿತು. ಔಷಧಿಯೂ ಪೆನ್ಸಿಲೂ ಒಂದೇ ಬಣ್ಣದ ಮನೆತನಕ್ಕೆ ಸೇರಿದವೆಂದು ತರಗತಿಯಲ್ಲಿ ಕೇಳಿದ್ದು ಆಗ ನೆನಪಾಯಿತು. ಗಂಡ ನಿರಪರಾಧಿ.

"ಅಂದಹಾಗೆ ಅದೇನೌಷಧಿ?" ಎಂದ ನಾಗರಾಜು.

"ಹೆಂಗಸರದ್ದು."

ನಾಲಿಗೆ ಒಳಕ್ಕೆ ಹೋಯಿತು. ಅದರ ಹಿಂದೆಯೇ ಪ್ರಶ್ನೆಯೂ ಹೋಯಿತು.

ಮಾರನೆಯ ದಿನ, ಭಾನುವಾರ, ಅಂಜಮ್ಮ ಬೇಲಿಯಾಚೆ ನಿಂತು ಹಗ್ಗದ ಮೇಲಿನ ಬಟ್ಟೆ ಎಣಿಸುತ್ತಿದ್ದಳು. ಎಣಿಸುವುದು ಅವಳ ಹುಟ್ಟುಗುಣ. ಬೇರೆಯವರ ಮನೆಯ ಕೋಳಿಗಳೂ ಅವಳಿಗೆ ಬಾಯಿಪಾಠವಾಗಿದ್ದವು.

"ಏನವ್ವಾ ಗಂಗಮ್ಮ, ಇಪ್ಪತ್ತಮೂರು ಬಟ್ಟೆ! ಕೂಸಿಗೆ ಭೇದಿಯಾ?"

"ಇಲ್ಲ ಅಕ್ಕ, ಹಲ್ಲು ಬರ್ತಿದೆ" ಎಂದಳು ಶಿವಗಂಗಮ್ಮ, ಬಾಯಿಗೆ ಬಂದದ್ದನ್ನು.

"ಅಯ್ಯೋ, ಇದೇನು ಊದಾ ಊದಾ ಕಲೆ? ಈ ವಯಸ್ಸಿಗೇ ನೇರಳೆ ಹಣ್ಣು ತಿಂತದಾ?"

"ಬಾಯಿ ಹುಣ್ಣಿಗೆ ಔಷಧಿ ಹಚ್ಚಿದ್ದೀವಿ. ಬಾಯಿ ಒರೆಸಿದ ಬಟ್ಟೆ."

"ಇಪ್ಪತ್ತಮೂರು ಬಾಯಾ ಅದಕ್ಕೆ?" ಎಂದು ಅಂಜಮ್ಮ ನಕ್ಕು ಒಳಗೆ ಹೋದಳು.

ಶಿವಗಂಗಮ್ಮ ನಗಲಿಲ್ಲ. ಬೆಳಿಗ್ಗೆ ಅವಳು ಹಾಕಿದ್ದು ಕೂಸಿನ ಹದಿನಾಲ್ಕು, ತನ್ನ ಐದು. ಒಟ್ಟು ಹತ್ತೊಂಬತ್ತು. ಅಂಜಮ್ಮನ ಎಣಿಕೆ ತಪ್ಪುವಂಥದ್ದಲ್ಲ. ಹತ್ತಿರ ಹೋಗಿ ನೋಡಿದರೆ, ಸಾಲಿನ ತುದಿಯಲ್ಲಿ, ನಡುವೆ ಸೇರಿಕೊಳ್ಳಲು ಸಂಕೋಚಪಟ್ಟಂತೆ, ಇನ್ನೂ ನಾಲ್ಕು ಚೂರು. ಅವುಗಳ ಮೇಲೂ ನೇರಳೆ.

ಹಿತ್ತಿಲ ಕಲ್ಲಿನ ಹತ್ತಿರ ಮುನಿತಾಯಮ್ಮ ಹುಣಿಸೆಹಣ್ಣಿನಿಂದ ಹೆಬ್ಬೆರಳಿನ ಉಗುರು ತಿಕ್ಕುತ್ತಾ ನಿಂತಿದ್ದಳು. ಸೊಸೆ ನೋಡಿದ್ದನ್ನು ಕಂಡು, ಕೇಳದಿದ್ದರೂ, "ನೇರಳೆ ಹಣ್ಣು ತಿಂದೆ" ಎಂದಳು. ನೇರಳೆ ತಿಂದರೆ ಗಂಟಲು ಕಟ್ಟುತ್ತದೆಂದು ಅದರ ಬುಟ್ಟಿ ಬಂದರೆ ಆಚೆ ಮುಖ ಮಾಡುತ್ತಿದ್ದವಳು ಅವಳು.

ಶಿವಗಂಗಮ್ಮ ಒಳಗೆ ಬಂದು ಬೆಂಚಿನ ಹತ್ತಿರ ನಿಂತಳು. ಅಂಜಮ್ಮನ ಸೇರು ಬೆಲ್ಲ ನೆನಪಾಯಿತು. ಮದುವೆಮನೆಯ ಪಂಕ್ತಿ, ಕುಕ್ಕರಗಾಲಿನ ಮುದ್ದೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ "ನಂಗೆ ನಿಂತ್ರೇ ಹಾಯಿ" ಎಂದು ಕಂಬಿ ಹಿಡಿದು ನಿಲ್ಲುವ ಅತ್ತೆ. ತಾನು ಐದು ತಿಂಗಳು ಗಡಿಯಾರ ಇಟ್ಟುಕೊಂಡು ಅಳೆದಿದ್ದನ್ನು ಈ ಹೆಂಗಸು ಎಷ್ಟು ವರ್ಷ ಅಳೆಯದೆ ನಿಂತಿದ್ದಾಳೆ? ಬೀದಿಯೆಲ್ಲ ಸದ್ಗುಣವೆಂದು ಹೊಗಳಿದ್ದು ರೋಗಲಕ್ಷಣ!

ನಗು ಬಂತು. ಹಿಂದೆಯೇ ಕಣ್ಣೂ ತುಂಬಿತು.

ಸೋಮವಾರ ಮೂರು ಗೆರೆ ಉಳಿದ ಸೀಸೆ ಹಿಡಿದು ಡಾಕ್ಟರಲ್ಲಿಗೆ ಹೋದಳು. ಅವಳಿಗಿನ್ನೂ ಏಳು ದಿನ ಬಾಕಿಯಿತ್ತು. ಡಾಕ್ಟರು ಕಥೆ ಕೇಳಿ, ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿದರು.

"ನೋಡಿ, ಇದು ನಿಮ್ಮ ವಿಷಯವೂ ಹೌದು. ಇಬ್ಬರ ಬಟ್ಟೆಯೂ ಆ ಒಂದೇ ಸಂದಿನಲ್ಲಿ, ಒಂದೇ ಬಕೀಟಿನಲ್ಲಿ. ನೀವೊಬ್ಬರು ವಾಸಿಯಾಗಿ ಅವರದ್ದು ಹಾಗೇ ಉಳಿದ್ರೆ, ಮತ್ತೆ ನಿಮಗೆ ಹತ್ತಿಕೊಳ್ಳಬಹುದು. ಪರೀಕ್ಷೆ ಹೊತ್ತಿಗೆ ಮತ್ತೆ ಹನ್ನೊಂದು ನಿಮಿಷ. ನಿಮ್ಮ ಸೀಸೆ ತುಂಬಿಸಿಕೊಡ್ತೀನಿ. ಅವರಿಗೆ ಅಂತ ಇನ್ನೊಂದು ಸಣ್ಣದು, ನಾಲ್ಕೇ ಗೆರೆ. ನೋಡದೆ ಅದಕ್ಕಿಂತ ಹೆಚ್ಚು ಕೊಡಲ್ಲ. ಕಳ್ಳರನ್ನ ಕರ್ಕೊಂಡು ಬನ್ನಿ."

ಅಕ್ಷರ ಬಾರದ ಅತ್ತೆಗೆ ತಿಳಿಯಲೆಂದು ಶಿವಗಂಗಮ್ಮ ತನ್ನ ಸೀಸೆಯ ಕತ್ತಿಗೆ ಕೆಂಪು ದಾರ ಕಟ್ಟಿದಳು. ಸಣ್ಣ ಸೀಸೆಗೆ ಹಸಿರು, ಮುನಿತಾಯಮ್ಮನ ಬಳೆಯ ಬಣ್ಣ. ಎರಡನ್ನೂ ಗೂಡಿನಲ್ಲಿ ಅಕ್ಕಪಕ್ಕ ಇಟ್ಟು ಸುಮ್ಮನಾದಳು.

ಮಂಗಳವಾರ ಹಸಿರು ದಾರದ ಸೀಸೆಯಲ್ಲಿ ನಾಲ್ಕು ಗೆರೆ. ಬುಧವಾರವೂ ನಾಲ್ಕು. ಕೆಂಪು ದಾರದ್ದು ಲೆಕ್ಕಕ್ಕೆ ಸರಿಯಾಗಿತ್ತು. ಕಳ್ಳತನ ನಿಂತಿತ್ತು, ಅದರ ಜೊತೆಗೆ ಚಿಕಿತ್ಸೆಯೂ. ಅತ್ತೆ ಎರಡು ದಿನದಿಂದ ಪಾತ್ರೆಗಳ ಮೂಲಕವೇ ಮಾತಾಡುತ್ತಿದ್ದಳು. ಚೊಂಬು ಕುಕ್ಕಿದರೆ ಸ್ನಾನಕ್ಕೆ ನೀರು ಕಾದಿದೆಯೆಂದು, ತಟ್ಟೆ ಕುಕ್ಕಿದರೆ ಊಟಕ್ಕೆ ಬಾ ಎಂದು.

ಬುಧವಾರ ಮಧ್ಯಾಹ್ನ ರಾಗಿ ಜರಡಿ ಹಿಡಿಯುತ್ತಾ, ನಿಂತೇ, ಸಿಡಿದಳು.

"ನನ್ನ ಕಳ್ಳಿ ಅಂತ ದಾರ ಕಟ್ಟಿ ತೋರಿಸ್ತೀಯೇನೆ?"

"ಕಳ್ಳಿ ಅಂದಿದ್ರೆ ಸೀಸೆ ಬಚ್ಚಿಡ್ತಿದ್ದೆ ಅತ್ತೆ. ಪಾಲು ಇಟ್ಟಿದ್ದೀನಿ."

ಜರಡಿ ನಿಂತಿತು.

"ಯಾವಾಗಿಂದ?" ಎಂದಳು ಶಿವಗಂಗಮ್ಮ ಮೆಲ್ಲಗೆ.

"ನಿನ್ನ ಗಂಡ ಹುಟ್ಟಿದ್ ವರ್ಸದಿಂದ."

ನಾಗರಾಜುವಿಗೆ ಆಗ ಇಪ್ಪತ್ತೇಳು.

"ಒಂದಷ್ಟು ದಿನ ಹೋಯ್ತದೆ, ಮತ್ತೆ ಬತ್ತದೆ. ಮಳೆಗಾಲ ಬಂದ್ರೆ ತಪ್ಪಾಕಿಲ್ಲ" ಎಂದಳು ಮುನಿತಾಯಮ್ಮ, ಹಿಟ್ಟಿಗೆ ಹೇಳುವಂತೆ. "ನಮ್ಮತ್ತೆಗೆ ಹೇಳ್ದೆ. ಉಷ್ಣ ಅಂದ್ರು, ಮಜ್ಜಿಗೆ ಕೊಟ್ರು. ಗಂಡಸ್ರಿಗೆ ಏನಂತ ಹೇಳಾನ? ಕೆಲ್ಸ ಹಚ್ಕಂಡೆ. ಕೈ ಆಡ್ತಿದ್ರೆ ಅದ್ರ ನೆನಪು ಬರಾಕಿಲ್ಲ. ಜನ ಹೊಗಳಿದ್ರು. ಅಷ್ಟೆಲ್ಲಾ ಹೊಗಳಿಸ್ಕಂಡ ಮೇಲೆ ಕೂರೋದೆಂಗೆ, ನೀನೇ ಹೇಳು?"

"ಮತ್ತೆ ನನ್ನ ಔಷಧಿ ಯಾಕೆ ತಗೊಂಡ್ರಿ?"

"ಎರಡನೇ ದಿನ ನೀನು ಬೆಂಚ್ ಮೇಲೆ ಕೂತು ಕೂಸಿಗೆ ಹಾಲು ಕೊಟ್ಟೆ. ಗೋಡೆಗೆ ಒರಗಿ, ಕಾಲು ಚಾಚಿ. ಮುಖ ನೋಡ್ದೆ. ಹೊಟ್ಟೆ ಉರೀತು ಕಣವ್ವ" ಎಂದು ಮುನಿತಾಯಮ್ಮ ನೇರವಾಗಿ ಹೇಳಿದಳು. "ಒಂದೇ ಒಂದು ಕಿತ ನೋಡಾನ ಅಂತ ಹಚ್ಕಂಡೆ. ಆಮೇಲೆ ಬಿಡಾಕೆ ಮನಸು ಬರ್ಲಿಲ್ಲ."

"ನಾಳೆ ಡಾಕ್ಟರ ಹತ್ತಿರ ಹೋಗೋಣ."

"ಥೂ! ಈ ವಯಸ್ಸಿಗೆ? ಮೊಮ್ಮಗಳ್ನ ಆಡ್ಸೋಳು ಹೋಗಿ ಅದನ್ನ ತೋರ್ಸೋದಾ? ನೀನು ವಾಸಿ ಮಾಡ್ಕೊ, ನಂಗೆ ಅಭ್ಯಾಸ ಆಗದೆ."

"ನೀವು ಬರದೆ ನನ್ನದು ವಾಸಿ ಆಗಲ್ಲ. ಮಾರ್ಚಿನಲ್ಲಿ ಪತ್ರಿಕೆ ಬಿಟ್ಟು ಬಂದಿದ್ದು ಕೂಸಿಗೋಸ್ಕರ ಅಲ್ಲ, ಕೂರೋಕಾಗದೆ. ಸೆಪ್ಟೆಂಬರಿನಲ್ಲೂ ಹಾಗೇ ಆದ್ರೆ ನನ್ನ ಓದು ಅಲ್ಲಿಗೆ ಮುಗೀತು." ಶಿವಗಂಗಮ್ಮ ಹಂಡೆಯ ಹಿಂದಿನ ಸಂದಿನ ವಿಷಯ, ಒಂದೇ ಹಗ್ಗ, ಒಂದೇ ಬಕೀಟು, ಪೆನ್ಸಿಲಿನ್ ಒಳ್ಳೆಯ ಜೀವಿಗಳನ್ನು ಕೊಂದದ್ದು, ಎಲ್ಲವನ್ನೂ ಹೇಳಿದಳು.

ಮುನಿತಾಯಮ್ಮ ಜರಡಿ ಕೆಳಗಿಟ್ಟಳು. ನಲವತ್ತು ವರ್ಷ ಹೊಲದಲ್ಲಿ ಬಗ್ಗಿದವಳು.

"ಅಂದ್ರೆ ಆ ವೆಂಕಟಗಿರಿ ರಾಗಿ ಪೈರು ಕಿತ್ತು ಕಳೆ ಬಿಟ್ಟ ಅನ್ನು. ನಾವು ಸಂದಿನಲ್ಲಿ ಕಳೆ ಬೀಜ ಕಾಪಾಡಿಟ್ವಿ."

"ಅಷ್ಟೇ ಅತ್ತೆ."

"ಇದನ್ನ ಮೊದ್ಲೇ ಹಿಂಗೆ ಹೇಳಾಕೇನಾಗಿತ್ತು ನಿಂಗೆ? ಬಿ.ಎಸ್ಸಿ. ಅಂತೆ!"

ಗುರುವಾರ ಡಾಕ್ಟರ ವರಾಂಡದ ಬೆಂಚಿನ ತುಂಬ ಹೆಂಗಸರಿದ್ದರು. ಅತ್ತೆ ಸೊಸೆಯರನ್ನು ಕಂಡು ಸರಿದು ಜಾಗ ಮಾಡಿದರು. ಶಿವಗಂಗಮ್ಮ ಕೂತಳು. ಮುನಿತಾಯಮ್ಮ ಕಂಬ ಹಿಡಿದು ನಿಂತಳು.

"ಕೂತ್ಕೊಳಿ ಅಮ್ಮ" ಎಂದಳು ನರ್ಸು.

"ಕೂರಾಕಾಗಿದ್ರೆ ಇಲ್ಲಿಗ್ಯಾಕೆ ಬತ್ತಿದ್ದೆ ತಾಯಿ?"

ಬೆಂಚಿನ ತುದಿಯಲ್ಲಿದ್ದ ದಪ್ಪ ಹೆಂಗಸೊಬ್ಬಳು ಕಿಸಕ್ಕೆಂದಳು, ಅವಳ ಪಕ್ಕದವಳು ಸೆರಗು ಬಾಯಿಗಿಟ್ಟಳು. ಬೆಂಚಿಗೆ ಬೆಂಚೇ ಅಲುಗಾಡಿತು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಆದರೆ ಕಂಬದ ಹತ್ತಿರ ಇನ್ನಿಬ್ಬರು ಎದ್ದು ಬಂದು ಮುನಿತಾಯಮ್ಮನ ಜೊತೆ ನಿಂತರು.

ಡಾಕ್ಟರು ನೋಡಿದರು. ಅದೇ ಮೊಟ್ಟೆ, ಅದೇ ಮರಿಮೊಗ್ಗು. ಇಷ್ಟು ವರ್ಷ ಬಿಡದೆ ಬಂದಿದೆಯೆಂದರೆ ಸಕ್ಕರೆ ಕಾಯಿಲೆಯೂ ಇರಬಹುದೆಂದು ಮೂತ್ರವನ್ನು ನೀಲಿ ದ್ರಾವಣದಲ್ಲಿ ಕುದಿಸಿದರು. ಶಿವಗಂಗಮ್ಮ ಬಗ್ಗಿ ಗಾಜಿನ ನಳಿಗೆ ನೋಡಿದಳು. ಹಸಿರಾಗಲಿಲ್ಲ, ಹಳದಿಯಾಗಲಿಲ್ಲ. ನೀಲಿ ನೀಲಿಯಾಗಿಯೇ ಉಳಿಯಿತು. "ಸಕ್ಕರೆ ಇಲ್ಲ ಅತ್ತೆ!" ಎಂದು ಡಾಕ್ಟರಿಗಿಂತ ಮೊದಲೇ ಕೂಗಿದಳು.

ಹಸಿರು ದಾರಕ್ಕೆ ಹದಿನಾರು ಗೆರೆಯ ಪೂರಾ ಸೀಸೆ ಬಂತು. ಭಾನುವಾರ ಮಾವ ಬೈರಯ್ಯ ಸುಂಕದಕಟ್ಟೆಯ ಕಡೆ ಉಳಿದಿದ್ದ ಎರಡೆಕರೆ ಹೊಲದಿಂದ ವಾರದ ಭೇಟಿಗೆ ಬಂದಾಗ, ಮುನಿತಾಯಮ್ಮ ಅವನ ಕೈಯಿಂದಲೇ ಹಂಡೆಯ ಹಿಂದಿನ ಸಂದಿಗೆ ಇಟ್ಟಿಗೆ ಇಡಿಸಿ ಗಾರೆ ಮೆತ್ತಿಸಿದಳು. "ಯಾಕೆ?" ಎಂದ ಅವನು. "ಹೆಗ್ಗಣ" ಎಂದಳು ಅವಳು.

ಆಮೇಲೆ ಹಗ್ಗ ತುಂಬಿತು. ಅಂಜಮ್ಮನ ಎಣಿಕೆ ಇಪ್ಪತ್ತೇಳಕ್ಕೆ ಮುಟ್ಟಿತು. ಆಗಸ್ಟಿನಲ್ಲಿ ಮಳೆ ಹಿಡಿದು ನಾಲ್ಕು ದಿನ ಬಿಸಿಲು ಕಾಣದಾಗ ಮುನಿತಾಯಮ್ಮ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ, ಪ್ರತಿ ಚೂರನ್ನೂ ಮದುವೆ ಪಂಚೆಯಂತೆ ತೀಡಿಟ್ಟಳು. ಹೊಟ್ಟೆ ಮೇಲೆ ಗರಿಗರಿ ಬಟ್ಟೆ ಕಟ್ಟಿಕೊಂಡು ಕೂಸು ಪಟೇಲನ ಹಾಗೆ ಮಲಗಿರುತ್ತಿತ್ತು. ಒಂದು ದಿನ ವೆಂಕಟಗಿರಿ ಸೈಕಲ್ಲಿನಿಂದ ಒಂದು ಕಾಲು ಇಳಿಸಿ ಕೇಳಿದ.

"ಏನ್ ಮುನಿತಾಯಮ್ಮ, ಸೊಸೆ ಕಾಣಲ್ಲ? ಇನ್ನೊಂದು ಪೆನ್ಸಿಲಿನ್ ಬಾಕಿ ಇತ್ತಲ್ಲ?"

"ನಮ್ಮ ಹೊಲಕ್ಕೆ ಮತ್ತೆ ಕ್ಯಾಮೆಗೆ ಬರ್ಬೇಡಪ್ಪ ನೀನು. ನಿಂಗೆ ಪೈರ್ಯಾವುದು ಕಳೆಯಾವುದು ಗೊತ್ತಾಗಾಕಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ರಾಗಿ ಕೊಯ್ಲಿಗೆ ಇನ್ನೂ ಬಹಳ ದಿನವಿದೆಯಲ್ಲ ಎಂದು ಯೋಚಿಸುತ್ತಾ ಹೋದ.

ನೋಟ್ಸಿನ ಕೊನೆಯ ಹಾಳೆಯಲ್ಲಿ ಅಂಕಿಗಳು ಏರಿದವು. ಜುಲೈ ಕೊನೆಗೆ ಅರವತ್ತು. ಆಗಸ್ಟ್ ಮಧ್ಯಕ್ಕೆ ನೂರ ಹತ್ತು. ಸೆಪ್ಟೆಂಬರ್ ಮೂರರಂದು ಶಿವಗಂಗಮ್ಮ ಬೆಂಚಿನಿಂದ ಎದ್ದದ್ದು ನೂರ ಎಂಬತ್ತನೆಯ ನಿಮಿಷಕ್ಕೆ ಇಟ್ಟಿದ್ದ ಅಲಾರಂ ಹೊಡೆದ ಮೇಲೆ. ಆದರೆ ಮನೆಯ ಬೆಂಚು ಬೇರೆ, ಪರೀಕ್ಷೆಯ ಬೆಂಚು ಬೇರೆ. ಮುನಿತಾಯಮ್ಮ ಮಾತ್ರ, ಸೀಸೆ ಮುಗಿದು ತಿಂಗಳಾಗಿದ್ದರೂ, ಕೂರಲೊಲ್ಲಳು. ನವೆ ಹೋಗಿತ್ತು, ಅಭ್ಯಾಸ ಹೋಗಿರಲಿಲ್ಲ. "ಕೂತ್ರೆ ಎಲ್ಲಿ ಮತ್ತೆ ಎದ್ದು ಬತ್ತದೋ" ಎನ್ನುತ್ತಿದ್ದಳು, ಅದು ಹಾಸಿಗೆಯಡಿ ಮಲಗಿರುವ ನಾಯಿಯೋ ಎಂಬಂತೆ.

ಸೆಪ್ಟೆಂಬರ್ ಇಪ್ಪತ್ತು, ಗುರುವಾರ. ಕೂಸನ್ನು ನೋಡಿಕೊಳ್ಳಲು ಮುನಿತಾಯಮ್ಮ ಕಾಲೇಜಿಗೆ ಬಂದಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ. ಅಂಗಳದ ಹೊಂಗೆಮರದ ಕೆಳಗಿನ ಚಪ್ಪಡಿಕಲ್ಲಿನ ಹತ್ತಿರ ರಾಗಿ ಸರಿಯ ಡಬ್ಬಿ ಇಳಿಸಿ, "ಹೋಗು. ಕೂಸಿನ ಚಿಂತೆ ಬ್ಯಾಡ. ಆ ಇನ್ನೊಂದ್ರ ಚಿಂತೇನೂ ಬ್ಯಾಡ" ಎಂದಳು.

ಹತ್ತಕ್ಕೆ ಗಂಟೆ ಹೊಡೆಯಿತು. ಪ್ರತಿ ಅರ್ಧ ಗಂಟೆಗೊಂದು ಸಲ ಜವಾನ ಗಂಟೆ ಬಾರಿಸುತ್ತಿದ್ದ. ನಲವತ್ತನೆಯ ನಿಮಿಷಕ್ಕೆ ಶಿವಗಂಗಮ್ಮನ ಪೆನ್ನು ತಾನಾಗಿ ನಿಂತಿತು. ಮೈಯೆಲ್ಲ ಕಿವಿಯಾಗಿ ಕಾದಳು. ಏನೂ ಬರಲಿಲ್ಲ. ಬೆಂಚು ಗಟ್ಟಿಯಿತ್ತು, ಮೊಳೆಯೊಂದು ಸೀರೆಗೆ ತಾಗುತ್ತಿತ್ತು, ಅಷ್ಟೇ. ಬರೀ ಮೊಳೆ! ಅಂಥ ಹಿತವಾದ ಮೊಳೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಮಧ್ಯಾಹ್ನ ಒಂದಕ್ಕೆ ಕೊನೆಯ ಗಂಟೆ ಹೊಡೆಯುವವರೆಗೆ ಬರೆದು, ಎರಡು ಹೆಚ್ಚಿನ ಹಾಳೆ ದಾರದಲ್ಲಿ ಕಟ್ಟಿ ಕೊಟ್ಟು ಹೊರಗೆ ಬಂದಳು.

ಹೊಂಗೆಮರದ ಕೆಳಗೆ ಮುನಿತಾಯಮ್ಮ ಚಪ್ಪಡಿಕಲ್ಲಿನ ಮೇಲೆ ಕೂತಿದ್ದಳು. ಪಟ್ಟಾಗಿ, ಮರಕ್ಕೆ ಒರಗಿ, ಕಾಲು ಚಾಚಿ. ಮಡಿಲಲ್ಲಿ ಕೂಸು ನಿದ್ದೆ ಹೋಗಿತ್ತು. ಪಕ್ಕದಲ್ಲಿ ಸಣ್ಣ ಕಲ್ಲುಗಳ ಒಂದು ಸಾಲಿತ್ತು.

"ಅತ್ತೆ! ಕೂತಿದ್ದೀರಿ!"

"ಮೆಲ್ಲಗೆ ಕೂಗೇ. ಅಂಜಮ್ಮಂಗೆ ಕೇಳಿದ್ರೆ ಬೆಲ್ಲ ದಂಡ" ಎಂದಳು ಮುನಿತಾಯಮ್ಮ. "ನೀನು ಒಳಗೆ ಕೂತೆ, ನಾನ್ಯಾಕೆ ನೋಡಬಾರ್ದು ಅಂತ ಕೂತೆ. ಗಂಟೆ ಹೊಡೆದಂಗೆಲ್ಲ ಒಂದು ಕಲ್ಲು ಇಟ್ಟೆ. ಆರಾಯ್ತು. ನಡುವೆ ಕೂಸು ಅತ್ತು ಎದ್ದು ಆಡಿಸ್ದೆ, ಅದಕ್ಕೆ ಒಂದು ತೆಗೆದುಹಾಕಿವ್ನಿ. ಸುಳ್ಳು ಲೆಕ್ಕ ಬ್ಯಾಡ."

ಶಿವಗಂಗಮ್ಮ ಅತ್ತೆಯ ಪಕ್ಕದಲ್ಲಿ ಕೂತು ನೋಟ್ಸಿನ ಕೊನೆಯ ಹಾಳೆ ತೆರೆದಳು. ತನ್ನ ಹೆಸರಿನ ಮುಂದೆ ನೂರ ಎಂಬತ್ತು ಎಂದು ಬರೆದಳು. ಅದರ ಕೆಳಗೆ ಒಂದು ಹೊಸ ಸಾಲು ಎಳೆದು, ಕಲ್ಲುಗಳನ್ನು ಮತ್ತೊಮ್ಮೆ ಬೆರಳಿಟ್ಟು ಎಣಿಸಿ, ಬರೆದಳು:

ಮುನಿತಾಯಮ್ಮ, ನೂರ ಐವತ್ತು ನಿಮಿಷ.